ಗೋಡೆ ಎಂಬ ಹೆಸರಿನ ಊರು

ಮನುಷ್ಯರಿಗಿರುವಂತೆ ಊರುಗಳಿಗೂ ಜಾತಕವಿರಬೇಕೆಂದು ನನಗೆ ಒಮ್ಮೊಮ್ಮೆ ಅನ್ನಿಸುವುದುಂಟು. ಕೆಲವು ಊರುಗಳಿಗೆ ಇಟ್ಟ ಹೆಸರೇ ಹಣೆಬರಹವಾಗಿಬಿಡುತ್ತದೆ. ಸ್ಪೇನ್ ದೇಶದ ದಕ್ಷಿಣ ತೀರದ ಕಾದಿಸ್ ಅಂಥದೊಂದು ಊರು. ಅಟ್ಲಾಂಟಿಕ್ ಸಾಗರದೊಳಕ್ಕೆ ನಾಲಗೆಯಂತೆ ಚಾಚಿದ ಕಿರಿದಾದ ನೆಲ. ಮೂರು ಕಡೆಯೂ ನೀರು. ಇಂದಿನ ಲೆಬನಾನ್ ತೀರದ ಟೈರ್ ಪಟ್ಟಣದಿಂದ ಹಡಗೇರಿ ಬಂದ ಫಿನೀಷಿಯ ವರ್ತಕರು ಇಲ್ಲಿ ನೆಲೆಯೂರಿ 'ಗಾದಿರ್' ಎಂದು ಹೆಸರಿಟ್ಟರು. ಹಾಗೆಂದರೆ ಗೋಡೆ ಕಟ್ಟಿದ ಆವರಣ. ಹಿಂದಿನ ಗ್ರಂಥಕಾರರ ಲೆಕ್ಕದಂತೆ ಇದು ಕ್ರಿ. ಪೂ. 1100ರ ಸುಮಾರಿನ ಮಾತು. ನೆಲ ಅಗೆದು ನೋಡಿದವರಿಗೆ ಸಿಕ್ಕಿರುವ ಕುರುಹುಗಳು ಕ್ರಿ. ಪೂ. 9ನೆಯ ಶತಮಾನಕ್ಕೆ ಸೇರಿದವು. ಇನ್ನೂರು ವರ್ಷ ಹೆಚ್ಚುಕಡಿಮೆಯಾದರೂ ಪಶ್ಚಿಮ ಯೂರೋಪಿನ ಊರುಗಳ ನಡುವೆ ಇದು ಅಜ್ಜಿಯೇ ಸರಿ.

ಹೆಸರೇನೋ ಗೋಡೆ, ಆ ಗೋಡೆ ತಡೆದದ್ದು ಮಾತ್ರ ಕಡಿಮೆ. ಕಾರ್ತೇಜಿನವರು ಬಂದರು, ಕ್ರಿ. ಪೂ. 206ರಲ್ಲಿ ರೋಮನರು ಬಂದರು. ಇಲ್ಲಿನ ದೇವಾಲಯದಲ್ಲಿದ್ದ ಅಲೆಕ್ಸಾಂಡರನ ಪ್ರತಿಮೆಯ ಮುಂದೆ ನಿಂತು, 'ಈ ವಯಸ್ಸಿಗೆ ಅವನು ಜಗತ್ತನ್ನೇ ಗೆದ್ದಿದ್ದ, ನಾನೇನು ಮಾಡಿದೆ?' ಎಂದು ಜೂಲಿಯಸ್ ಸೀಸರ್ ಕೊರಗಿದನೆಂದು ಕಥೆ. ಮುಂದೆ ಮುಸ್ಲಿಮ್ ದೊರೆಗಳು ಐದು ಶತಮಾನಕ್ಕೂ ಹೆಚ್ಚು ಕಾಲ ಆಳಿದರು. 13ನೆಯ ಶತಮಾನದಲ್ಲಿ ಕ್ಯಾಸ್ಟೀಲಿನ ಅರಸ ಹತ್ತನೆಯ ಅಲ್ಫಾನ್ಸೊ ಊರನ್ನು ವಶಪಡಿಸಿಕೊಂಡ. ಇಷ್ಟು ಕೈ ಬದಲಾದರೂ ಹೆಸರು ಹೊಳೆಯ ಕಲ್ಲಿನಂತೆ ಸವೆಯಿತೇ ಹೊರತು ಕಳೆದುಹೋಗಲಿಲ್ಲ: ಗಾದಿರ್, ಗಾದೆಸ್, ಖಾದಿಸ್, ಕಾದಿಸ್.

ಹಳೆಯ ಊರೆಂಬ ಮೋಹದಿಂದ ನಾನು ಅಲ್ಲಿ ಎರಡು ದಿನ ಕಾಲು ಸೋಲುವಷ್ಟು ತಿರುಗಾಡಿದೆ. ಕಂಡ ಮನೆಗಳೆಲ್ಲ ಹೆಚ್ಚೆಂದರೆ ಮುನ್ನೂರು ನಾನೂರು ವರ್ಷದವು. ಕಾರಣವಿಲ್ಲದಿಲ್ಲ. 1587ರಲ್ಲಿ ಇಂಗ್ಲಿಷ್ ನಾವಿಕ ಡ್ರೇಕ್ ಬಂದರಿಗೆ ನುಗ್ಗಿ ಹಡಗುಗಳನ್ನು ಸುಟ್ಟ. 1596ರಲ್ಲಿ ಇಂಗ್ಲಿಷರೂ ಡಚ್ಚರೂ ಸೇರಿ ಊರನ್ನೇ ಲೂಟಿಮಾಡಿ ಬೆಂಕಿಯಿಟ್ಟರು. ಊರು ಮತ್ತೆ ಎದ್ದಿತು. 1717ರಲ್ಲಿ ಅಮೆರಿಕದ ವ್ಯಾಪಾರದ ಆಡಳಿತ ಸೆವಿಲ್ಲಿನಿಂದ ಇಲ್ಲಿಗೆ ಬಂದಾಗ ವರ್ತಕರು ಹಣದ ಹೊಳೆಯಲ್ಲೇ ಮಿಂದರು. ತಮ್ಮ ಹಡಗು ಬರುತ್ತಿದೆಯೇ ಎಂದು ನೋಡಲು ಮನೆಯ ಮೇಲೆ ಗೋಪುರ ಕಟ್ಟಿಸಿಕೊಂಡರು. ಅವುಗಳಲ್ಲಿ ನೂರಕ್ಕೂ ಹೆಚ್ಚು ಇಂದಿಗೂ ನಿಂತಿವೆ. ಅವುಗಳಲ್ಲೊಂದಾದ ತಾವೀರಾ ಗೋಪುರವನ್ನು ನಾನೂ ಏದುಸಿರು ಬಿಡುತ್ತ ಹತ್ತಿದೆ. ಎತ್ತ ನೋಡಿದರೂ ಬಿಳಿಯ ಮಾಳಿಗೆಗಳು, ಅವುಗಳಾಚೆ ನೀಲಿ ನೀರು.

ಮೂರು ಸಾವಿರ ವರ್ಷದ ಈ ಕಥೆಯಲ್ಲಿ ನನ್ನ ಮನಸ್ಸು ಹಿಡಿದು ನಿಲ್ಲಿಸುವುದು ಎರಡೂವರೆ ವರ್ಷದ ಒಂದು ಮುತ್ತಿಗೆ. 1810ರಲ್ಲಿ ನೆಪೋಲಿಯನ್ನನ ಸೈನ್ಯ ಸ್ಪೇನಿನ ಬಹುಭಾಗವನ್ನು ನುಂಗಿ ಕಾದಿಸಿನ ಬಾಗಿಲಿಗೆ ಬಂದು ನಿಂತಿತು. ಸಮುದ್ರದ ಕಡೆ ಕಾವಲಿಗೆ ನಿಂತವರು, ಹಿಂದೆ ಊರು ಸುಟ್ಟ ಆ ಇಂಗ್ಲಿಷರೇ! ಕೊಲ್ಲಿಯಾಚೆಯಿಂದ ಫಿರಂಗಿ ಗರ್ಜಿಸುತ್ತಿದ್ದರೆ, ಊರ ಹೆಂಗಸರು ಆ ಗುಂಡುಗಳ ಸೀಸವನ್ನು ಆಯ್ದು ಮುಂಗುರುಳು ಸುತ್ತಿಕೊಂಡರಂತೆ. ಹೆಸರಿಗೆ ತಕ್ಕಂತೆ ಈ ಬಾರಿ ಗೋಡೆ ನಿಂತಿತು.

ನಿಂತ ಗೋಡೆಯೊಳಗೆ ಅವರು ಮಾಡಿದ್ದಾದರೂ ಏನು? ಸ್ಪೇನಿನಿಂದಲೂ ಅಮೆರಿಕದಿಂದಲೂ ಬಂದ ಪ್ರತಿನಿಧಿಗಳು ಸಂತ ಫಿಲಿಪ್ ನೇರಿಯ ಪ್ರಾರ್ಥನಾಮಂದಿರದಲ್ಲಿ ಕುಳಿತು, ರಾಜ್ಯದ ಪರಮಾಧಿಕಾರ ಇರುವುದು ಅರಸನಲ್ಲಲ್ಲ, ಜನಾಂಗದಲ್ಲಿ ಎಂದು ಸಂವಿಧಾನ ಬರೆದರು. 1812ರ ಮಾರ್ಚ್ 19, ಸಂತ ಜೋಸೆಫನ ಹಬ್ಬದ ದಿನ ಅದನ್ನು ಸಾರಿದ್ದರಿಂದ ಜನ ಮುದ್ದಿನಿಂದ ಅದಕ್ಕೆ 'ಪೆಪಾ' ಎಂದು ಹೆಸರಿಟ್ಟರು. ಕುಂದುಗಳೂ ಇದ್ದವು: ಹೆಂಗಸರಿಗೆ ಮತವಿಲ್ಲ, ಆಫ್ರಿಕದ ಮೂಲದವರಿಗೆ ಪೌರತ್ವ ದುರ್ಲಭ, ಕ್ಯಾಥೊಲಿಕ್ ಧರ್ಮವೊಂದಕ್ಕೇ ಮಾನ್ಯತೆ. 1814ರಲ್ಲಿ ಮರಳಿದ ಅರಸ ಏಳನೆಯ ಫರ್ಡಿನಂಡ್ ಅದನ್ನು ರದ್ದುಮಾಡಿದ. 1820ರಲ್ಲಿ ಮತ್ತೆ ಜೀವ ಬಂತು, 1823ರಲ್ಲಿ ಮತ್ತೆ ಹೋಯಿತು. ಆದರೆ ಅಷ್ಟರಲ್ಲಿ ನೇಪಲ್ಸ್, ಪೋರ್ಚುಗಲ್ಲುಗಳವರು ಅದನ್ನೇ ಮೇಲ್ಪಂಕ್ತಿಯಾಗಿ ಇಟ್ಟುಕೊಂಡಿದ್ದರು.

1950ರಲ್ಲಿ ತನ್ನ ಸಂವಿಧಾನವನ್ನು ತಾನೇ ಜಾರಿಗೆ ತಂದುಕೊಂಡ ದೇಶದಿಂದ ಹೋದ ನನಗೆ ಆ ಮಂದಿರದ ಮುಂದೆ ಚಪ್ಪಲಿ ಕಳಚಬೇಕೆನ್ನಿಸಿತು. ಶತ್ರುವನ್ನು ಹೊರಗಿಡಲು ಯಾರಾದರೂ ಗೋಡೆ ಕಟ್ಟಿಯಾರು. ಅದರ ಮರೆಯಲ್ಲಿ ತಮ್ಮ ಅರಸನಿಗೇ ಮಿತಿ ಹಾಕುವ ಎದೆಗಾರಿಕೆ ಎಷ್ಟು ಊರುಗಳಿಗೆ ಬಂದೀತು? ಮಂದಿರದ ಹೊರಗೋಡೆಯ ಮೇಲೆ ಸಾಲುಸಾಲು ಸ್ಮಾರಕ ಫಲಕಗಳಿವೆ. ಸ್ಪೇನಿನ ಆಳ್ವಿಕೆಯನ್ನು ಕಳಚಿಕೊಂಡು ಬೇರೆಯಾದ ಅಮೆರಿಕದ ದೇಶಗಳೂ ಅಲ್ಲಿ ತಮ್ಮ ಫಲಕ ಹಾಕಿ ಗೌರವ ಸಲ್ಲಿಸಿವೆ.