ಹುಲಿಕೆರೆಯ ದಾರಿಯಲ್ಲೊಂದು ನಿಲ್ದಾಣ

ಸಹೋದರಿಯರೇ, ಹಳೇಬೀಡಿನ ಸಮೀಪದ ಹುಲಿಕೆರೆಯ ಕಲ್ಯಾಣಿ ನೋಡಲು ನೀವು ರೈಲಿನಲ್ಲಿ ಹೊರಟರೆ ಅರಸೀಕೆರೆಯಲ್ಲೋ ಹಾಸನದಲ್ಲೋ ಇಳಿದು ಬಸ್ಸು ಹಿಡಿಯಬೇಕು. ಅರಸೀಕೆರೆಯಲ್ಲಿ ಇಳಿದರೆ ಕೂಡಲೇ ಬಸ್‌ನಿಲ್ದಾಣಕ್ಕೆ ಓಡಬೇಡಿ. ಐದು ನಿಮಿಷ ನಿಂತು ನೋಡಿ.

ಬೆಂಗಳೂರಿನಿಂದ ಹರಿಹರದವರೆಗಿನ ಮೀಟರ್‌ಗೇಜ್ ಹಳಿ 1889ರಲ್ಲಿ ಪೂರ್ಣಗೊಂಡಾಗ ಅರಸೀಕೆರೆ ಆ ದಾರಿಯ ಒಂದು ನಿಲ್ದಾಣ ಮಾತ್ರ. 1918ರ ಹೊತ್ತಿಗೆ ಮೈಸೂರಿನ ಹಳಿ ಬಂದು ಕೂಡಿದ ಮೇಲೆ ಅದು ಜಂಕ್ಷನ್ ಆಯಿತು. 1979ರಲ್ಲಿ ಹಾಸನ-ಮಂಗಳೂರು ಮಾರ್ಗ ತೆರೆದಾಗ ಕರಾವಳಿಯೂ ಹತ್ತಿರವಾಯಿತು. ಹಳಿ ಅಗಲಗೊಳಿಸಲು 1996ರಲ್ಲಿ ನಿಂತ ಆ ಘಟ್ಟದ ಪ್ರಯಾಣಿಕ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. 2017ರಲ್ಲಿ ಶ್ರವಣಬೆಳಗೊಳದ ಮೂಲಕ ನೇರ ಹಳಿ ಬಂದ ನಂತರ ಬೆಂಗಳೂರಿನಿಂದ ಹಾಸನಕ್ಕೆ ಹೋಗುವವರಿಗೆ ಅರಸೀಕೆರೆಯನ್ನು ಸುತ್ತುವ ಅಗತ್ಯವಿಲ್ಲ.

ಜಂಕ್ಷನ್ ಎಂದರೆ ಕಾಯುವ ಜಾಗ. ನಮ್ಮ ಕಡೆಯ ಹಳೆಯ ನಿಲ್ದಾಣಗಳನ್ನು ಕಟ್ಟಿದವರು ಇದನ್ನು ಬಲ್ಲವರು. ದಪ್ಪ ಗೋಡೆ, ಎತ್ತರದ ಮಾಡು, ಮಂಗಳೂರು ಹೆಂಚು, ಬಿಸಿಲು ಮಳೆ ತಡೆಯಲು ಮುಂಚಾಚಿದ ಸೂರು. ಫ್ಯಾನು ಇಲ್ಲದ ಕಾಲದಲ್ಲೂ ಒಳಗೆ ತಂಪು. ಹೆಂಗಸರಿಗೆ ಬೇರೆಯೇ ಕೋಣೆ.

ಆದರೆ ಕೋಣೆ ಇದ್ದರೆ ಸಾಲದು, ಬಾಗಿಲು ತೆರೆದಿರಬೇಕು. ಒಮ್ಮೆ ನಾನು ಅಮ್ಮಿಯೊಡನೆ ಬೇರೊಂದು ಸಣ್ಣ ನಿಲ್ದಾಣದಲ್ಲಿ ಎರಡು ತಾಸು ಕಾದೆ. ಮಹಿಳೆಯರ ಶೌಚಾಲಯಕ್ಕೆ ಬೀಗ. ನೀರಿನ ಬಾಟಲಿ ಕೊಟ್ಟರೆ ಅಮ್ಮಿ, "ಬೇಡಮ್ಮಾ, ಊರು ತಲುಪಿದ ಮೇಲೆ ಕುಡಿಯುತ್ತೇನೆ" ಎಂದರು. ಬಾಯಾರಿಕೆ ಇಲ್ಲದೆ ಹೇಳಿದ ಮಾತಲ್ಲ ಅದು. ಪ್ರಯಾಣದಲ್ಲಿ ನೀರು ಕುಡಿಯದೆ ಇರುವುದನ್ನು ನಮ್ಮಲ್ಲಿ ಎಷ್ಟು ಮಂದಿ ಅಭ್ಯಾಸ ಮಾಡಿಕೊಂಡಿಲ್ಲ, ಹೇಳಿ?

2023ರ ಆಗಸ್ಟ್ 6ರಂದು ಅಮೃತ ಭಾರತ ಯೋಜನೆಯಡಿ ನವೀಕರಣಕ್ಕೆ ಶಿಲಾನ್ಯಾಸವಾದ ನಿಲ್ದಾಣಗಳಲ್ಲಿ ಅರಸೀಕೆರೆಯೂ ಒಂದು. ಸಂತೋಷವೇ. ಹೊಸ ಮುಖದ್ವಾರ, ದೀಪಗಳು ಚೆನ್ನ. ಆದರೆ ಒಂದು ನಿಲ್ದಾಣದ ಅಂದವನ್ನು ನಾವು ಅಳೆಯಬೇಕಾದದ್ದು ಅಲ್ಲಿ ಕಾಯುವ ಬಸುರಿಗೆ, ಮುದುಕಿಗೆ, ಮಗುವಿಗೆ ನೆರಳು, ನೀರು, ಶುಚಿಯಾದ ಶೌಚಾಲಯ ಸಿಕ್ಕಿತೇ ಎಂಬುದರಿಂದ. ಸಿಗದಿದ್ದರೆ ಗೊಣಗುತ್ತಾ ಕೂರಬೇಡಿ. ಸ್ಟೇಷನ್ ಮಾಸ್ತರರಲ್ಲಿ ದೂರು ಪುಸ್ತಕ ಕೇಳಿ ಬರೆಯಿರಿ, ಅಥವಾ 139ಕ್ಕೆ ಕರೆ ಮಾಡಿ. ನಾನು ಅಂದು ಬರೆಯದೆ ಬಂದೆ. ಆ ಸಂಕೋಚ ಇಂದಿಗೂ ಚುಚ್ಚುತ್ತದೆ.

ಇನ್ನು ಹುಲಿಕೆರೆಗೆ ಹೋಗಿ. ಹೊಯ್ಸಳರ ಕಾಲದ ಆ ಕಲ್ಯಾಣಿಯಲ್ಲಿ ಪುಟ್ಟ ಪುಟ್ಟ ಗೋಪುರಗಳ ಕೆತ್ತನೆಗೆ ಬೆರಗಾಗುತ್ತೀರಿ. ಮೆಟ್ಟಿಲುಗಳನ್ನೂ ಗಮನಿಸಿ. ನೀರು ಎಷ್ಟೇ ಕೆಳಗೆ ಇಳಿದರೂ ಮನುಷ್ಯನ ಕೈಗೆ ಎಟುಕಲಿ ಎಂದು ಕಟ್ಟಿದವು ಅವು. ಶತಮಾನಗಳ ಹಿಂದೆ ಶಿಲ್ಪಿಗೆ ಹೊಳೆದದ್ದು ನಮ್ಮ ಕಾಲಕ್ಕೆ ಹೊಳೆಯದೇ ಹೋಗಬಾರದು.