ಹಿಂದಿನ ಸೀಟಿನಲ್ಲಿ ಕೂತು ನೋಡು

ಮೆಜೆಸ್ಟಿಕ್ ಎಂದರೆ ಬೆಂಗಳೂರಿಗೆ ಬರುವವರ ಹೊಸ್ತಿಲು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎದ್ದ ಬಸ್ ನಿಲ್ದಾಣ, ಎದುರಿಗೆ ರೈಲು ನಿಲ್ದಾಣ, ನೆಲದಡಿಯಲ್ಲಿ 2017ರಿಂದ ಮೆಟ್ರೋದ ಎರಡು ಮಾರ್ಗಗಳು ಕೂಡುವ ಜಾಗ. ಬೆಳಗಿನ ಜಾವ ಇಲ್ಲಿ ಇಳಿಯುವವರು ಊರಿನಿಂದ ಅಕ್ಕಿ, ತೆಂಗಿನಕಾಯಿ, ಹಪ್ಪಳ ತರುವುದು ಸಾಮಾನ್ಯ. ಆದರೆ ಕೆಲವರು ಗೋಣಿಚೀಲದಲ್ಲಿ ಕಬ್ಬಿಣ ಸುತ್ತಿಕೊಂಡು ಬರುತ್ತಿದ್ದರು. ಅವರು ಮಲೆನಾಡಿನ ಜೀಪು ಚಾಲಕರು. ಚೀಲದಲ್ಲಿ ಇರುತ್ತಿದ್ದದ್ದು ಬಾಗಿದ ಬೆನ್ನು ನೇರವಾಗಿಬಿಟ್ಟ ಸ್ಪ್ರಿಂಗ್ ಪ್ಲೇಟುಗಳು. ಅವರು ಹುಡುಕಿಕೊಂಡು ಹೋಗುತ್ತಿದ್ದದ್ದು ಕಾಟನ್‌ಪೇಟೆ ಕಡೆಯ ಗಲ್ಲಿಯೊಂದರಲ್ಲಿದ್ದ ನನ್ನ ಮಾಮುವಿನ ತಗಡಿನ ಶೆಡ್ಡನ್ನು.

ಅಮ್ಮಿಯ ಅಣ್ಣನಾದ ಮಾಮು ಸೌದಿ ಅರೇಬಿಯಾದಲ್ಲಿ ಹನ್ನೊಂದು ವರ್ಷ ಗ್ಯಾರೇಜಿನಲ್ಲಿ ದುಡಿದು ಬಂದವರು. ಮರುಭೂಮಿ ಎಂದರೆ ನಮ್ಮ ಕಣ್ಣಿಗೆ ಬರುವುದು ಮರಳಿನ ದಿಣ್ಣೆ, ಒಂಟೆ. ಮಾಮು ನಗುತ್ತಿದ್ದರು. ಮದೀನಾದ ಸುತ್ತಮುತ್ತ ‘ಹರ್ರಾ’ ಎಂದು ಕರೆಯುವ ಕರಿಕಲ್ಲಿನ ಬಯಲುಗಳಿವೆ. ಜ್ವಾಲಾಮುಖಿಯ ಲಾವಾ ಹರಿದು ಗಟ್ಟಿಯಾದ ನೆಲ ಅದು. 1256ರಲ್ಲಿ ಕೂಡ ಮದೀನಾದ ಬಳಿ ಹಾಗೆ ಬೆಂಕಿ ಉಕ್ಕಿತ್ತು. ಆ ಕಲ್ಲಿನ ಅಂಚು ಟೈರನ್ನು ಬ್ಲೇಡಿನಂತೆ ಸೀಳುತ್ತದೆ. ಕುರಿಗಾಹಿಗಳು ಅದರ ಮೇಲೆ ನೀರಿನ ಡ್ರಮ್ಮು ಹೊತ್ತ ಪಿಕಪ್ ಓಡಿಸುತ್ತಾರೆ. ‘ಮರಳು ವಾಹನವನ್ನು ನಿಲ್ಲಿಸುತ್ತದೆ, ಕಲ್ಲು ವಾಹನವನ್ನು ಕೊಲ್ಲುತ್ತದೆ’ ಎನ್ನುವುದು ಮಾಮು ಅಲ್ಲಿಂದ ಹೊತ್ತು ತಂದ ಮಾತು.

ಮಾಮುವಿನ ಕೆಲಸ ಎಂಥದ್ದು ಎಂದು ಹೇಳಬೇಕು. ಹಳೆಯ ಜೀಪುಗಳಿಗೆ, 1985ರಲ್ಲಿ ಬಂದ ಮಾರುತಿ ಜಿಪ್ಸಿಗೆ ಕೂಡ, ನಾಲ್ಕೂ ಚಕ್ರದ ಮೇಲೆ ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದೆ. ಎಲ್ಲಕ್ಕಿಂತ ಉದ್ದದ್ದು ಮೇನ್ ಪ್ಲೇಟು, ಅದರ ಕೆಳಗೆ ಒಂದಕ್ಕಿಂತ ಒಂದು ಗಿಡ್ಡ. ಚಕ್ರ ಕಲ್ಲು ಹತ್ತಿದಾಗ ಈ ಕಮಾನು ಚಪ್ಪಟೆಯಾಗಿ ಪೆಟ್ಟನ್ನು ನುಂಗುತ್ತದೆ. ಮತ್ತೆ ಚಿಮ್ಮುವಾಗ ಕುಣಿಯದಂತೆ ಹಿಡಿಯುವುದು ಶಾಕ್ ಅಬ್ಸಾರ್ಬರ್ ಒಳಗಿನ ಎಣ್ಣೆ. ವರ್ಷಗಟ್ಟಲೆ ಭಾರ ಹೊತ್ತ ಪ್ಲೇಟು ಸೋತು ಕೂರುತ್ತದೆ. ಅದನ್ನು ಬಿಚ್ಚಿ, ಅಡಿಗಲ್ಲಿನ ಮೇಲಿಟ್ಟು, ಸುತ್ತಿಗೆಯಿಂದ ಅಂಗುಲ ಅಂಗುಲಕ್ಕೆ ಹದವಾಗಿ ಬಡಿದು ಕಮಾನು ಏರಿಸಬೇಕು. ಒಂದು ಪೆಟ್ಟು ಹೆಚ್ಚಾದರೆ ಎಡ ಬಲ ಹೊಂದುವುದಿಲ್ಲ, ಗಾಡಿ ಒಂದು ಕಡೆಗೆ ವಾಲುತ್ತದೆ.

2014ರ ಏಪ್ರಿಲ್‌ನಲ್ಲಿ ಕೊಲ್ಲೂರಿನ ಕಡೆಯಿಂದ ಒಬ್ಬ ಹುಡುಗ ಬಂದ. ಕೊಡಚಾದ್ರಿಗೆ ಯಾತ್ರಿಕರನ್ನು ಹತ್ತಿಸುವ ಜೀಪು ಅವನದು. 1,343 ಮೀಟರ್ ಎತ್ತರದ ಆ ಬೆಟ್ಟದ ಮೇಲಿನ ದಾರಿಯನ್ನು ದಾರಿ ಎನ್ನಲು ಧೈರ್ಯ ಬೇಕು. ಮಳೆ ಕೊರೆದ ಕೊರಕಲು, ನಡುವೆ ಎದ್ದು ನಿಂತ ಬಂಡೆ, ಪಕ್ಕದಲ್ಲಿ ಪ್ರಪಾತ. ಹೆಚ್ಚು ಜನ ಕೂರಿಸಲೆಂದು ಅವನು ಹಿಂದಿನ ಸ್ಪ್ರಿಂಗಿಗೆ ಎರಡೆರಡು ಪ್ಲೇಟು ಹೆಚ್ಚಿಗೆ ಹಾಕಿಸಿದ್ದ. ಅಷ್ಟಾದರೂ ಮೇನ್ ಪ್ಲೇಟು ಕಟ್ಟಾಗುತ್ತಿತ್ತು.

“ಇನ್ನೊಂದು ಪ್ಲೇಟು ಸೇರಿಸಿ ಕೊಡಿ ಸಾಬ್ರೇ” ಎಂದ.

“ಸೇರಿಸುವುದಲ್ಲ ತಮ್ಮಾ, ಹಾಕಿದ್ದನ್ನು ತೆಗೆಯಬೇಕು” ಎಂದರು ಮಾಮು.

ಹುಡುಗನ ಮುಖ ಸಪ್ಪಗಾಯಿತು. ಮಳೆಗಾಲದಲ್ಲಿ ದುಡಿಮೆಯಿಲ್ಲ, ಸಾಲದ ಕಂತು ಮಾತ್ರ ತಿಂಗಳು ತಿಂಗಳು ನಿಲ್ಲುವುದಿಲ್ಲ, ಸೀಸನ್ನಿನಲ್ಲಿ ಇಬ್ಬರನ್ನು ಹೆಚ್ಚು ಕೂರಿಸದಿದ್ದರೆ ಮನೆ ನಡೆಯುವುದಿಲ್ಲ ಎಂದ. ಮಾತಿನಲ್ಲಿ ಸುಳ್ಳಿರಲಿಲ್ಲ. ಮಾಮು ಚಹಾ ತರಿಸಿಕೊಟ್ಟರು. “ಪ್ಲೇಟು ಸೇರಿಸಿದರೆ ಸ್ಪ್ರಿಂಗ್ ತಾಳಬಹುದು. ಬ್ರೇಕು ತಾಳುವುದು ಹೇಗೆ? ಆಕ್ಸಲ್‌ಗೆ ಯಾವ ಪ್ಲೇಟು ಹಾಕುತ್ತೀ?” ಎಂದರು. ಕೊನೆಗೆ ಒಂದು ಒಪ್ಪಂದವಾಯಿತು. ಕಂಪನಿ ಕೊಟ್ಟಷ್ಟೇ ಪ್ಲೇಟು, ಹೊಸ ಕಮಾನು, ಹೊಸ ಶಾಕ್. ಬೆಟ್ಟದಲ್ಲಿ ಪರೀಕ್ಷೆ ಮಾಡಿ ತೋರಿಸಿದ ಮೇಲೆಯೇ ಮಜೂರಿ. ರಾತ್ರಿಯ ಬಸ್ಸಿಗೆ ಗೋಣಿಚೀಲದೊಡನೆ ನಾವು ಮೂವರೂ ಹತ್ತಿದೆವು.

ಪರೀಕ್ಷೆ ಎಂದರೆ ಗಾಡಿ ಜೋರಾಗಿ ಓಡಿಸುವುದು ಎಂದು ತಿಳಿದವರು ಮಾಮುವಿನ ಕ್ರಮ ನೋಡಬೇಕಿತ್ತು. ಪ್ಲೇಟು ಜೋಡಿಸಿದ ಮೇಲೆ ಯು ಬೋಲ್ಟಿನ ನಟ್ಟುಗಳ ಮೇಲೆ ಬಿಳಿ ಬಣ್ಣದಿಂದ ಒಂದೊಂದು ಗೆರೆ ಎಳೆದರು. ನಟ್ಟು ಸಡಿಲವಾದರೆ ಗೆರೆ ಮುರಿಯುತ್ತದೆ. ಶಾಕಿನ ನಯವಾದ ದಂಡಕ್ಕೆ ತೆಳುವಾದ ರಬ್ಬರ್ ಉಂಗುರ ತೊಡಿಸಿದರು. ದಂಡ ಎಷ್ಟು ಒಳಗೆ ಹೋಗಿತ್ತೆಂದು ಉಂಗುರ ಸರಿದ ಜಾಗವೇ ಹೇಳುತ್ತದೆ. ಮೊದಲು ನಿಂತಲ್ಲೇ ಪರೀಕ್ಷೆ: ಮುಂದಿನ ಎಡ ಚಕ್ರವನ್ನು ಬಂಡೆಗೆ ಹತ್ತಿಸಿ, ಹಿಂದಿನ ಎಡ ಚಕ್ರ ನೆಲ ಬಿಡುತ್ತದೆಯೇ ಎಂದು ಬಗ್ಗಿ ನೋಡಿದರು. ಪ್ಲೇಟು ಹೆಚ್ಚಾಗಿ ಸ್ಪ್ರಿಂಗ್ ಬಿಗಿಯಾದರೆ ಚಕ್ರ ನೆಲದ ಏರುತಗ್ಗಿಗೆ ಬಗ್ಗದೆ ಗಾಳಿಯಲ್ಲಿ ನಿಲ್ಲುತ್ತದೆ. ಆಗ ಎಂಜಿನ್ನಿನ ಬಲವೆಲ್ಲ ಗಾಳಿಯಲ್ಲಿರುವ ಚಕ್ರಕ್ಕೇ ಹರಿದು ಅದು ಸುಮ್ಮನೆ ತಿರುಗುತ್ತದೆ, ನೆಲದಲ್ಲಿರುವ ಚಕ್ರಕ್ಕೆ ಕಸುವಿಲ್ಲ. ಕೊರಕಲಿನ ಅಂಚಿನಲ್ಲಿ ಹೀಗಾದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಆಮೇಲೆ ಖಾಲಿ ಗಾಡಿಯಲ್ಲಿ ಒಂದು ಸುತ್ತು. ಅದರ ನಂತರ ಎಂಟು ಜನರ ಬದಲು ಅರವತ್ತು ಕಿಲೋದ ಎಂಟು ಮರಳು ಚೀಲ ಹೇರಿ ಮತ್ತೊಂದು ಸುತ್ತು. ಪ್ರತಿ ಸುತ್ತಿನ ಕೊನೆಗೆ ಮಾಮು ಅಂಗೈ ತಿರುಗಿಸಿ ಕೈಯ ಹಿಂಬದಿಯಿಂದ ನಾಲ್ಕೂ ಶಾಕ್ ಮುಟ್ಟುತ್ತಿದ್ದರು. ಎಲ್ಲವೂ ಒಂದೇ ಸಮ ಬಿಸಿಯಾಗಿದ್ದರೆ ಎಲ್ಲವೂ ದುಡಿದಿವೆ. ಒಂದು ತಣ್ಣಗಿದ್ದರೆ ಅದು ಸತ್ತಿದೆ. ಹರ್ರಾದ ತೊಳೆಕಲ್ಲಿನಂಥ ದಾರಿಯಲ್ಲಿ ಶಾಕಿನೊಳಗೆ ಎಣ್ಣೆ ಕಾದು ನೊರೆಯಾಗಿ, ಗಾಡಿ ಚಾಲಕನ ಹಿಡಿತ ತಪ್ಪುವುದನ್ನು ಅವರು ಕಂಡಿದ್ದರು.

ಕೊನೆಯ ಪರೀಕ್ಷೆ ನನಗೆ ಅನಿರೀಕ್ಷಿತವಾಗಿತ್ತು. ಎರಡು ಮರಳು ಚೀಲ ಇಳಿಸಿ, ಸ್ಟೇರಿಂಗಿಗೆ ಹುಡುಗನ ಅಣ್ಣನನ್ನು ಕೂರಿಸಿ, “ನೀನು ಹಿಂದೆ ಹತ್ತು” ಎಂದು ಹುಡುಗನಿಗೇ ಹೇಳಿದರು. ಎರಡನೆಯ ಚೀಲದ ಜಾಗಕ್ಕೆ ನಾನು. ಚಾಲಕ ಕೂರುವುದು ಎರಡು ಆಕ್ಸಲ್‌ಗಳ ನಡುವೆ. ಹಿಡಿಯಲು ಸ್ಟೇರಿಂಗ್ ಇದೆ, ಮುಂದಿನ ಕಲ್ಲು ಕಾಣುತ್ತದೆ. ಹಿಂದಿನ ಬೆಂಚು ಇರುವುದು ನೇರ ಆಕ್ಸಲ್ ಮೇಲೆ. ಪೆಟ್ಟು ಎಲ್ಲಿಂದ ಬರುತ್ತದೆಂದು ತಿಳಿಯುವ ಮೊದಲೇ ತಲೆ ಸರಳಿಗೆ ಬಡಿದಿರುತ್ತದೆ. ನಾಲ್ಕು ವರ್ಷ ಆ ಬೆಟ್ಟ ಹತ್ತಿ ಇಳಿಸಿದ ಹುಡುಗ ಹಿಂದೆ ಕೂತದ್ದು ಅದೇ ಮೊದಲು. ಕೆಳಗಿಳಿದವನು ಸೊಂಟ ಹಿಡಿದುಕೊಂಡು, “ವಯಸ್ಸಾದವರು ಇದರಲ್ಲಿ ಹೇಗೆ ಕೂರುತ್ತಾರೆ ಮಾರಾಯ್ರೇ!” ಎಂದ. ಮಾಮು ಏನೂ ಹೇಳಲಿಲ್ಲ. ಬಗ್ಗಿ ಬಿಳಿ ಗೆರೆಗಳನ್ನು ನೋಡುತ್ತಿದ್ದರು. ಒಂದು ಮುರಿದಿತ್ತು; ಮತ್ತೆ ಬಿಗಿದರು. ಹುಡುಗ ಮಜೂರಿ ಎಣಿಸಿ ಕೊಟ್ಟು, ಆ ಎರಡೆರಡು ಹೆಚ್ಚುವರಿ ಪ್ಲೇಟುಗಳನ್ನು ಗುಜರಿಗೆ ಹಾಕಿ ಎಂದು ನಮ್ಮ ಚೀಲಕ್ಕೇ ತುಂಬಿದ.

2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ, ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆಯಲ್ಲಿ ಅಂಥ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಎಂದಾಯಿತು. ನಗರದ ಹುಡುಗರು ನೋಟಕ್ಕಾಗಿ ಜೀಪನ್ನು ನಾಲ್ಕು ಅಂಗುಲ ಎತ್ತಿಸಲು ಬಂದಾಗ ಮಾಮು ಅದಕ್ಕೂ ಮೊದಲೇ ಒಲ್ಲೆ ಎನ್ನುತ್ತಿದ್ದರು. ಎತ್ತರಿಸಿದ ಗಾಡಿ ತಿರುವಿನಲ್ಲಿ ಉರುಳುವುದು ಸುಲಭ ಎಂಬುದು ಅವರ ಕಾರಣ. ಅಂಥ ಗಿರಾಕಿಗಳು ಬೇರೆ ಶೆಡ್ ಹುಡುಕಿಕೊಂಡರು, ಹೆಚ್ಚು ಹಣವನ್ನೂ ಕೊಟ್ಟರು. ಇತ್ತ ಗಾಡಿಗಳೂ ಬದಲಾದವು. 2020ರಲ್ಲಿ ಬಂದ ಹೊಸ ಥಾರ್‌ನಲ್ಲಿ ಪ್ಲೇಟಿಲ್ಲ, ಸುರುಳಿ ಸ್ಪ್ರಿಂಗ್. ಅದನ್ನು ಬಡಿದು ಏರಿಸಲಾಗದು, ಬದಲಿಸಬೇಕು. ಮಾಮುವಿನ ಶೆಡ್ಡಿದ್ದ ಜಾಗದಲ್ಲಿ ಈಗ ಮೊಬೈಲ್ ಕವರಿನ ಅಂಗಡಿ.

ಕಾಲ ಬದಲಾಗುವುದನ್ನು ದೂರಿ ಫಲವಿಲ್ಲ. ಕಾನೂನು ಕೂಡ ಬೇಕಾದದ್ದೇ. ಆದರೆ ಕಾನೂನು ಗಾಡಿಯ ಕಾಗದ ನೋಡಬಲ್ಲದು, ಶಾಕನ್ನು ಮುಟ್ಟಿ ನೋಡಲಾರದು. ಆ ಕೈ ಎಲ್ಲಿಂದಲೋ ಬರಬೇಕು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರಾದಾಗ ನಾವು ಹೆಮ್ಮೆಪಟ್ಟೆವು. 2021ರಲ್ಲಿ ಸೌದಿಯ ಅದೇ ರ‍್ಯಾಲಿಯಲ್ಲಿ ಅವರು ಬಿದ್ದು ತೀವ್ರವಾಗಿ ಗಾಯಗೊಂಡಾಗ ಕಳವಳಪಟ್ಟೆವು. ಅಂಥ ಸವಾರರ ಹಿಂದೆ ಯಂತ್ರವನ್ನು ರಾತ್ರಿಯಿಡೀ ಬಿಚ್ಚಿ ನೋಡುವ ತಂಡ ಇರುತ್ತದೆ. ಕೊಡಚಾದ್ರಿಗೋ ಮಾಂದಲಪಟ್ಟಿಗೋ ಬಾಡಿಗೆ ಜೀಪು ಹತ್ತುವ ಅಜ್ಜಿಯ ಹಿಂದೆ ಯಾರಿದ್ದಾರೆ? ಬಿಳಿ ಗೆರೆ ಎಳೆದು ಕಾಯುವ ಒಬ್ಬ ಮಿಸ್ತ್ರಿ ಇದ್ದರೆ ಉಂಟು, ಇಲ್ಲವಾದರೆ ಇಲ್ಲ.

ಮಾಮು ಈಗ ಮನೆಯಲ್ಲಿದ್ದಾರೆ. ಹೊಸ ಗಾಡಿ ಕೊಂಡ ನೆಂಟರು ತೋರಿಸಲು ಬಂದರೆ ಬಾನೆಟ್ ಎತ್ತಿ ನೋಡುವುದಿಲ್ಲ, ಬಣ್ಣ ಹೊಗಳುವುದಿಲ್ಲ. ಹಿಂದಿನ ಬಾಗಿಲು ತೆಗೆದು ಕೂತು, “ನಡಿ, ಒಂದು ಸುತ್ತು ಹೋಗೋಣ” ಎನ್ನುತ್ತಾರೆ.