ಮೂರು ಥರದ ಮುಜುಗರ

ಟೀವಿಯಲ್ಲಿ ಏನು ಬಂದರೆ ನೀವು ರಿಮೋಟ್ ಹುಡುಕುತ್ತೀರಿ? ಮಕ್ಕಳು ಪಕ್ಕದಲ್ಲೇ ಕೂತಿದ್ದಾರೆ ಅಂದುಕೊಳ್ಳಿ. ನಮ್ಮ ಮನೆಯ ಲೆಕ್ಕ ಹೇಳುತ್ತೇನೆ, ನಿಮ್ಮದೂ ಹೆಚ್ಚುಕಡಿಮೆ ಅದೇ ಇರಬಹುದು. ತೆರೆಯ ಮೇಲೆ ಇಬ್ಬರು ಮುಖಕ್ಕೆ ಮುಖ ತಂದರೆ ಸಾಕು, ನನ್ನ ಹೆಂಡತಿಗೆ ಅಡುಗೆಮನೆಯಲ್ಲಿ ಹಾಲು ಉಕ್ಕಿದ ಸದ್ದು ಕೇಳುತ್ತೆ, ನನಗೆ ನ್ಯೂಸ್ ನೋಡುವ ನೆನಪಾಗುತ್ತೆ. ಬೈಗುಳ ಬಂದರೆ ವಾಲ್ಯೂಮ್ ಇಳಿಯುತ್ತೆ. ಹೀರೋ ಹದಿನೈದು ಜನರನ್ನು ಕೊಚ್ಚಿ ಹಾಕುತ್ತಿದ್ದರೆ ಮಾತ್ರ ಯಾರೂ ಕದಲುವುದಿಲ್ಲ. "ಇನ್ನೊಂದು ಸ್ವಲ್ಪ ಚಟ್ನಿ ಹಾಕು" ಅಂತ ಊಟ ನಡೆದೇ ಇರುತ್ತೆ.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. 2015ರಲ್ಲಿ ಜೇಮ್ಸ್ ಬಾಂಡ್‌ನ 'ಸ್ಪೆಕ್ಟರ್' ಬಂದಾಗ ನಮ್ಮ ಸೆನ್ಸಾರ್ ಮಂಡಳಿ ಅವನ ಮುತ್ತುಗಳನ್ನು ಅಳತೆ ಮಾಡಿ ಕತ್ತರಿಸಿತ್ತು. ಕೊಲ್ಲುವ ಲೈಸೆನ್ಸಿಗೇನೂ ತೊಂದರೆಯಾಗಲಿಲ್ಲ! ಹತ್ತು ವರ್ಷ ಕಳೆದು 2025ರಲ್ಲಿ 'ಸೂಪರ್‌ಮ್ಯಾನ್' ಬಂತು. ಅದರಲ್ಲಿಯೂ 33 ಸೆಕೆಂಡಿನ ಮುತ್ತು ಹೋಯಿತು, ಇಡೀ ನಗರ ಸೀಳಿಹೋಗುವ ದೃಶ್ಯ ಉಳಿಯಿತು. ಮುಂಬೈಯ ಹಳಬರಿಗೆ 2006ರ ಆಗಸ್ಟ್ ನೆನಪಿರಬಹುದು. ಟೀವಿಯಲ್ಲಿ ವಯಸ್ಕರ ಚಿತ್ರ ತೋರಿಸಬಾರದು ಅಂತ ಬಾಂಬೆ ಹೈಕೋರ್ಟ್ ಆದೇಶ ಕೊಟ್ಟಿತ್ತು, ಪೊಲೀಸರು ಕೇಬಲ್‌ನವರ ಮೇಲೆ ಬಿದ್ದರು, ಕೆಲವು ದಿನ ಸಿನಿಮಾ ಚಾನೆಲ್ಲುಗಳೇ ಬಂದ್. ಆದರೆ ಕೊಲೆ ಸುಲಿಗೆಯ ಸುದ್ದಿಗಳನ್ನು ನ್ಯೂಸ್ ಚಾನೆಲ್ಲುಗಳು ಆಗಲೂ ಹಗಲು ರಾತ್ರಿ ತೋರಿಸುತ್ತಲೇ ಇದ್ದವು.

2022ರ ಏಪ್ರಿಲ್‌ನಲ್ಲಿ ಕೆಜಿಎಫ್ ಎರಡನೇ ಭಾಗ ಬಂದಾಗ ನಮ್ಮ ಸೊಸೈಟಿಯ ಮರಾಠಿ, ಗುಜರಾತಿ ಪರಿಚಯದವರೆಲ್ಲ "ತುಮ್ಹಚಾ ಪಿಕ್ಚರ್" ಅಂತ ನನ್ನ ಬೆನ್ನು ತಟ್ಟಿದ್ದೇ ತಟ್ಟಿದ್ದು. ಮೂವತ್ತು ವರ್ಷ ಈ ಊರಲ್ಲಿ 'ಮದ್ರಾಸಿ' ಅನ್ನಿಸಿಕೊಂಡವನಿಗೆ ಅದು ಸಣ್ಣ ಖುಷಿಯಲ್ಲ. ಮಗಳನ್ನೂ ಕರೆದುಕೊಂಡು ಹೋದೆವು. ಹೀರೋ ಮಷೀನ್ ಗನ್ನಿನಿಂದ ಪೊಲೀಸ್ ಠಾಣೆಯನ್ನೇ ಜರಡಿ ಮಾಡಿ, ಕಾದ ನಳಿಗೆಯಲ್ಲಿ ಸಿಗರೇಟು ಹಚ್ಚಿಕೊಂಡಾಗ ಥಿಯೇಟರಿನಲ್ಲಿ ಶಿಳ್ಳೆ. ಹನ್ನೆರಡು ವರ್ಷದ ಮಗಳೂ ಚಪ್ಪಾಳೆ ತಟ್ಟಿದಳು. ಸರ್ಟಿಫಿಕೇಟು ಯು/ಎ.

ಬೈಗುಳದ ವಿಷಯ ಇನ್ನೂ ಮಜವಾಗಿದೆ. ಹಿಂದಿನ ವರ್ಷ ಅವ್ವ ಹಾವೇರಿ ಕಡೆಯ ನಮ್ಮ ಊರಿನಿಂದ ಡೊಂಬಿವಲಿಗೆ ಬಂದಿದ್ದಳು. ನಾನೊಂದು ಹಿಂದಿ ಗ್ಯಾಂಗ್‌ಸ್ಟರ್ ಸೀರೀಸ್ ನೋಡುತ್ತಿದ್ದೆ. ಅವಳು ಪಕ್ಕದಲ್ಲಿ ಮೆಂತ್ಯೆ ಪಲ್ಲೆ ಸೋಸುತ್ತ ಕೂತಿದ್ದಳು. ಒಂದೊಂದು ಮಾತಿಗೂ ತಾಯಿ, ತಂಗಿಯರ ಉದ್ಧಾರ. ನನಗೇ ಸಂಕೋಚವಾಗಿ "ಬಂದ್ ಮಾಡ್ಲೇನವ್ವ, ಭಾಳ ಬೈತಾರ" ಅಂದರೆ, "ಬೈಲಿ ಬಿಡಪಾ, ನನಗೇನ್ ತಿಳೀತದ" ಅಂದಳು. ಮರುದಿನ ಒಂದು ಕನ್ನಡ ಸಿನಿಮಾ ಹಾಕಿದೆ, ಅವ್ವನ ಸಲುವಾಗಿಯೇ. ಅದರಲ್ಲಿ ಒಂದೇ ಒಂದು ಶಬ್ದ ಬಂತು. "ಏನೋ ಇದು, ಹುಡುಗಿ ಮುಂದ! ಮೊದಲ ಆರಿಸದನ್ನ" ಅಂತ ಎದ್ದೇಬಿಟ್ಟಳು. (ಇದೇ ಅವ್ವ ಎಮ್ಮೆ ಹಾಲು ಕೊಡದಿದ್ದಾಗ ಅದಕ್ಕೆ ಬಯ್ಯುತ್ತಿದ್ದುದನ್ನು ಯಾವ ಸರ್ಟಿಫಿಕೇಟು ಕೊಟ್ಟೂ ತೋರಿಸಲಾಗದು.)

ಮಗಳದು ಉಲ್ಟಾ. ಅವಳಿಗೆ ಕನ್ನಡದ ಬೈಗುಳ ಅಂದರೆ ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ಹಳೇ ಪಾತ್ರೆ, ತಮಾಷೆ. ಹಿಂದಿಯವು ಸ್ಕೂಲ್ ಬಸ್ಸಿನಲ್ಲಿ ದಿನಾ ಕಿವಿಗೆ ಬೀಳುತ್ತವೆ, ಅವೂ ತಾಗುವುದಿಲ್ಲ. ಇನ್ನು ನನಗೆ? 8.12ರ ಫಾಸ್ಟ್ ಲೋಕಲ್‌ನಲ್ಲಿ ಹುಡುಗರು ಅವನ್ನು ಅಲ್ಪವಿರಾಮದಂತೆ ಬಳಸುತ್ತಾರೆ, ಕಿವಿ ಎಂದೋ ಮರಗಟ್ಟಿದೆ. ಹೊರನಾಡಿನಲ್ಲಿ ಇರುವವರಿಗೇ ಇದು ಚೆನ್ನಾಗಿ ಗೊತ್ತಾಗುವುದು ಅನಿಸುತ್ತೆ, ಬೈಗುಳ ನೋಯಿಸುವುದು ಅದು ಹುಟ್ಟಿದ ಮನೆಯಲ್ಲಿ ಮಾತ್ರ.

ಕೋರ್ಟಿನಲ್ಲೂ ಇದು ಸುಲಭವಾಗಿ ಬಗೆಹರಿದಿಲ್ಲ. 2023ರಲ್ಲಿ 'ಕಾಲೇಜ್ ರೊಮ್ಯಾನ್ಸ್' ಎಂಬ ವೆಬ್ ಸೀರೀಸಿನ ಕೇಸು ಕೇಳಿದ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿಗಳು, ಅದನ್ನು ಚೇಂಬರಿನಲ್ಲಿ ಇಯರ್‌ಫೋನ್ ಹಾಕಿಕೊಂಡೇ ನೋಡಬೇಕಾಯಿತು ಅಂತ ಬರೆದರು. ಮರುವರ್ಷ ಸುಪ್ರೀಂ ಕೋರ್ಟು ಆ ಕ್ರಿಮಿನಲ್ ಕೇಸನ್ನೇ ರದ್ದು ಮಾಡಿತು. ಮಾತು ಹೊಲಸಾಗಿದೆ ಅಂದಮಾತ್ರಕ್ಕೆ ಅದು ಕಾನೂನಿನ ಅರ್ಥದಲ್ಲಿ ಅಶ್ಲೀಲ ಆಗುವುದಿಲ್ಲ ಅಂದಿತು.

ಸರಕಾರ ಸುಮ್ಮನೆ ಕೂತಿಲ್ಲ. 1983ರಿಂದ ಇದ್ದ ಒಂದೇ ಯು/ಎ ಅನ್ನು 2023ರ ತಿದ್ದುಪಡಿಯಲ್ಲಿ 7, 13, 16 ವರ್ಷ ಅಂತ ಮೂರು ಮಾಡಿದರು. ಓಟಿಟಿಗೆ ಈ ವಿಂಗಡಣೆ 2021ರಲ್ಲೇ ಬಂದಿತ್ತು, 13ರ ಮೇಲಿನದಕ್ಕೆ ಪೇರೆಂಟಲ್ ಲಾಕ್ ಇರಬೇಕು ಅಂತಲೂ ಇದೆ. ಒಳ್ಳೆಯದೇ. ಆದರೆ ಯು/ಎ ಅನ್ನುವುದು ತಂದೆ ತಾಯಿಗೆ ಕೊಟ್ಟ ಸೂಚನೆ, ಬಾಗಿಲು ಮುಚ್ಚುವುದು 'ಎ' ಮಾತ್ರ. ಇನ್ನು ಲಾಕ್ ಅಂದರೆ ಒಂದು ಪಿನ್. ನಾವು ಬ್ಯಾಂಕಿನಲ್ಲಿ ಹತ್ತು ವರ್ಷದ ಮಗುವಿನ ಉಳಿತಾಯ ಖಾತೆಗೂ ಹುಟ್ಟಿದ ದಿನಾಂಕದ ದಾಖಲೆ ಕೇಳುತ್ತೇವೆ. ನಮ್ಮ ಮನೆಯ ಟೀವಿಗೆ ಪಿನ್ ಹಾಕಿಕೊಟ್ಟವಳು ಮಗಳೇ, ನನಗೆ ಹಾಕಲು ಬರುತ್ತಿರಲಿಲ್ಲ.

ಅದಕ್ಕೇ ಮೊನ್ನೆ ಅವಳು 'ಅಡಾಲೆಸೆನ್ಸ್' ನೋಡಲು ನಮ್ಮನ್ನು ಕೇಳಿದ್ದೇ ದೊಡ್ಡದು. ಒಬ್ಬಳೇ ನೋಡಬಹುದಿತ್ತು. 2025ರ ಮಾರ್ಚ್‌ನಲ್ಲಿ ಬಂದ ಇಂಗ್ಲೆಂಡಿನ ಸೀರೀಸು, ನಾಲ್ಕೇ ಕಂತು. ಹದಿಮೂರು ವರ್ಷದ ಹುಡುಗನನ್ನು ಸಹಪಾಠಿ ಹುಡುಗಿಯ ಕೊಲೆ ಆರೋಪದ ಮೇಲೆ ಪೊಲೀಸರು ಬೆಳಗಿನ ಜಾವ ಮನೆಗೆ ನುಗ್ಗಿ ಹಿಡಿಯುತ್ತಾರೆ. ಮೊದಲ ಹತ್ತು ನಿಮಿಷದ ಬೈಗುಳ ಕೇಳಿಯೇ ನನ್ನ ಹೆಂಡತಿ "ರೀ, ಇದು ಬ್ಯಾಡ್ರಿ, ಹತ್ತನೇ ಕ್ಲಾಸಿನ ಹುಡುಗಿ" ಅಂದಳು. ಅಲ್ಲಿಯ ಹೈಸ್ಕೂಲುಗಳಲ್ಲಿ ಇದನ್ನು ಉಚಿತವಾಗಿ ತೋರಿಸಲು ಪ್ರಧಾನಿಯೇ ಬೆಂಬಲ ಕೊಟ್ಟಿದ್ದಾರೆ ಅಂತ ಮಗಳು ವಾದ ಹೂಡಿದಳು. ಅದು ನಿಜ. ಕೂತೆವು.

ಇದರಲ್ಲಿ ಕೊಲೆ ದೂರದ ಸಿಸಿಟಿವಿ ಚಿತ್ರದಲ್ಲಿ ಕೆಲವು ಕ್ಷಣ ಕಾಣುತ್ತೆ, ಅಷ್ಟೇ. ಚಪ್ಪಾಳೆ ತಟ್ಟುವಂಥದ್ದು ಏನೂ ಇಲ್ಲ. ಎರಡನೇ ಕಂತಿನಲ್ಲಿ ತನಿಖೆ ಮಾಡುವ ಅಧಿಕಾರಿಗೆ ಅವನ ಮಗ ಹೇಳಿಕೊಡುತ್ತಾನೆ, ಮಕ್ಕಳು ಫೋನಿನಲ್ಲಿ ಹಾಕುವ ಚಿಕ್ಕ ಚಿಕ್ಕ ಚಿಹ್ನೆಗಳಿಗೆ ಅಪ್ಪ ಅಂದುಕೊಂಡ ಅರ್ಥ ಇಲ್ಲ, ಬೇರೆಯೇ ಇದೆ ಅಂತ. ಅಲ್ಲಿ ಮಗಳು ರಿಮೋಟ್ ತಗೊಂಡು ನಿಲ್ಲಿಸಿದಳು.

"ಪಪ್ಪಾ, ನಮ್ಮ ಕ್ಲಾಸಿನ ಹುಡುಗರದೂ ಒಂದು ಗ್ರೂಪ್ ಐತಿ."

ಏನು ಗ್ರೂಪು? ಟ್ಯೂಷನ್ನಿನಲ್ಲಿ ಹುಡುಗಿಯರ ಫೋಟೋ ಅವರಿಗೆ ಗೊತ್ತಿಲ್ಲದೆ ತೆಗೆಯುವುದು, ಹಾಕುವುದು, ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಡುವುದು, ಕೆಳಗೆ ಕಮೆಂಟು. ಒಬ್ಬ ಹುಡುಗಿ ಅದನ್ನು ನೋಡಿದ ಮೇಲೆ ಎರಡು ವಾರದಿಂದ ಟ್ಯೂಷನ್ನಿಗೇ ಬಂದಿಲ್ಲ.

"ನಿಂದೂ ಐತೇನ?" ಅಂದಳು ಹೆಂಡತಿ.

"ಐತಿ. ಹತ್ತಕ್ಕ ನಾಲ್ಕು."

ಹಾಗಂದು ನಕ್ಕಳು. ಆ ನಗೆ ನನಗೆ ಸರಿ ಕಾಣಲಿಲ್ಲ. ಹೆಂಡತಿ ಎದ್ದು ಹೋಗಿ ಅವಳ ಪಕ್ಕ ಕೂತಳು. ಆ ರಾತ್ರಿ ಮೂರನೇ ಕಂತು ನೋಡಲಿಲ್ಲ, ಹನ್ನೆರಡೂವರೆತನಕ ಮಾತೇ ಆಯಿತು. ಬೈಗುಳ ಇದೆ ಅಂತ ಹತ್ತನೇ ನಿಮಿಷಕ್ಕೆ ಆರಿಸಿದ್ದರೆ ಈ ಮಾತು ಯಾವಾಗ ಹೊರಗೆ ಬರುತ್ತಿತ್ತೋ, ಬರುತ್ತಲೇ ಇರಲಿಲ್ಲವೋ.

ಟ್ಯೂಷನ್ನಿನ ಮೇಡಂಗೆ ಹೇಳಿದೆವು. ಅವರು ಗ್ರೂಪು ಅಳಿಸಿಸಿದರು, ಹುಡುಗರ ಅಪ್ಪ ಅಮ್ಮಂದಿರನ್ನು ಕರೆಸಿದರು. ಒಬ್ಬ ತಂದೆ, ನನ್ನ ವಯಸ್ಸಿನವರೇ, ಬಹಳ ಸಭ್ಯರು. "ಬಚ್ಚೇ ಹೈಂ, ಮಸ್ತಿ ಕರ್ತೇ ಹೈಂ" ಅಂದರು. ಅವರ ಮನೆಯಲ್ಲಿ ಓಟಿಟಿ ಇಲ್ಲವಂತೆ. ಕೆಟ್ಟ ಶಬ್ದ ಇರುವುದನ್ನು, 'ಆ ಥರದ' ಸೀನ್ ಇರುವುದನ್ನು ಮಗನಿಗೆ ಇವತ್ತಿನವರೆಗೂ ತೋರಿಸಿಲ್ಲವಂತೆ. ಸುಳ್ಳು ಹೇಳುವ ಮನುಷ್ಯನಂತೆ ಕಾಣಲಿಲ್ಲ.

ಹುಡುಗರು ಸಾಲಾಗಿ ನಿಂತು ಸಾರಿ ಕೇಳಿದರು. ಆ ಹುಡುಗಿ ಮಾತ್ರ ಮರಳಿ ಬರಲಿಲ್ಲ. ಅವಳಪ್ಪ ಈಗ ಸಂಜೆ ಆಫೀಸಿನಿಂದ ಬಂದವರೇ ಅವಳನ್ನು ಠಾಣೆಯ ಇನ್ನೊಂದು ಕ್ಲಾಸಿಗೆ ಲೋಕಲ್‌ನಲ್ಲಿ ಕರೆದುಕೊಂಡು ಹೋಗಿ, ಎರಡು ತಾಸು ಹೊರಗೆ ಕಾದು ಕರೆದುಕೊಂಡು ಬರುತ್ತಾರೆ.